ಪಾಡ್ದನಗಳಲ್ಲಿ ಹರೆಯ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿಗಳ ಹಿನ್ನೆಲೆಯಲ್ಲಿ ಒಂದು ಮರು ಓದು

1. ಪ್ರವೇಶ

ತುಳು ಪಾಡ್ದನಗಳ ಸಂಗ್ರಹ ಮತ್ತು ಅಧ್ಯಯನಕ್ಕೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಬಾಸೆಲ್ ಮಿಶನ್ನಿನ ಎ. ಮೆನ್ನರ್ 1886ರಲ್ಲಿ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿದರು. ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಸಾಮಗ್ರಿಯು ಅವರ ಮರಣಾನಂತರ, 1894ರಿಂದ ಮೊದಲ್ಗೊಂಡು, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾಯಿತು. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’, ಕೆ. ಚಿನ್ನಪ್ಪ ಗೌಡ ಅವರ ‘ಭೂತಾರಾಧನೆ’, ಅಮೃತ ಸೋಮೇಶ್ವರ ಅವರ ಪಾಡ್ದನ ಸಂಗ್ರಹಗಳು ಈ ಅಧ್ಯಯನಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದವು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹೇಳಿದ ಸಿರಿ ಮಹಾಕಾವ್ಯವು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಸಹ ಸಂಶೋಧಕರ ಪರಿಶ್ರಮದಿಂದ 1998ರಲ್ಲಿ 15,683 ಸಾಲುಗಳ ಪಠ್ಯವಾಗಿ ಪ್ರಕಟವಾದ ಬಳಿಕ ತುಳುನಾಡಿನ ಮೌಖಿಕ ಪರಂಪರೆ ಜಾಗತಿಕ ಜಾನಪದ ವಿದ್ವತ್ತಿನ ಗಮನವನ್ನು ಸೆಳೆಯಿತು.

ಇಷ್ಟು ವಿಪುಲವಾದ ಅಧ್ಯಯನವನ್ನು ಸ್ಥೂಲವಾಗಿ ಮೂರು ಧಾರೆಗಳಲ್ಲಿ ಗುರುತಿಸಬಹುದು. ಮೊದಲನೆಯದು ದೈವಗಳ ಹುಟ್ಟು, ಸ್ಥಳ, ಕಾಲ ಮತ್ತು ಚಾರಿತ್ರಿಕತೆಯನ್ನು ಹುಡುಕುವ ಧಾರೆ. ಎರಡನೆಯದು ಪಾಡ್ದನವನ್ನು ಆರಾಧನೆಯ ಅಂಗವಾಗಿ ಕಾಣುವ ಧಾರೆ. ಮೂರನೆಯದು ಜಾತಿ ಮತ್ತು ಲಿಂಗದ ನೆಲೆಯಲ್ಲಿ ಪ್ರತಿರೋಧದ ದನಿಗಳನ್ನು ಶೋಧಿಸುವ ಧಾರೆ. ಈ ಮೂರೂ ಧಾರೆಗಳು ತಮ್ಮ ತಮ್ಮ ನೆಲೆಯಲ್ಲಿ ಫಲಪ್ರದವಾಗಿವೆ. ಆದರೆ ಎದುರಿಗೇ ಇದ್ದ ಒಂದು ಸಂಗತಿ ಈ ಮೂರರಲ್ಲಿಯೂ ಪ್ರತ್ಯೇಕ ವಿವೇಚನೆಗೆ ಹೆಚ್ಚಾಗಿ ಒಳಗಾಗಲಿಲ್ಲ. ಅದೆಂದರೆ ಪಾಡ್ದನಗಳ ಪ್ರಧಾನ ಪಾತ್ರಗಳ ವಯಸ್ಸು. ಸಿರಿ, ಸೊನ್ನೆ, ಅಬ್ಬಗ, ದಾರಗ, ಬೀರ ಕಲ್ಕುಡ, ಕಲ್ಲುರ್ಟಿ, ಕೋಟಿ, ಚೆನ್ನಯ, ಕೊರಗ ತನಿಯ ಇವರೆಲ್ಲರೂ ಬಾಲ್ಯವನ್ನು ದಾಟಿದವರು ಅಥವಾ ದಾಟುತ್ತಿರುವವರು. ನಡುವಯಸ್ಸನ್ನು ಕಾಣದೆ ಮಾಯಕವಾದವರು. ಇಂದು ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವವರ ವಯಸ್ಸೂ ಹೆಚ್ಚುಕಡಿಮೆ ಇದೇ.

ಈ ವಯಸ್ಸಿನ ನೆಲೆಯಿಂದ ಕೆಲವು ಪಾಡ್ದನಗಳನ್ನು ಮರಳಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಪಾಡ್ದನಗಳ ಕಿರಿಯರು ತಮ್ಮನ್ನು ತಾವು ಅರಿಯುವುದು ಏಕಾಂತದ ಚಿಂತನೆಯಿಂದಲ್ಲ, ತಮ್ಮ ಮಾತಿಗೋ ದುಡಿಮೆಗೋ ಹಿರಿಯರಿಂದ ನಿರಾಕರಣೆ ಎದುರಾದ ಕ್ಷಣದಲ್ಲಿ; ಆ ಮಾತನ್ನು ಸಮುದಾಯವು ಕೈಮುಗಿದು ಕೇಳುವುದು ಅವರು ಇಲ್ಲವಾದ ಮೇಲೆ. ಈ ಎರಡು ಅಂಶಗಳು ಇಂದಿನ ವಿದ್ಯಾರ್ಥಿ ಜೀವನದ ಮೇಲೂ ಪಾಡ್ದನ ವಿಮರ್ಶೆಯ ಮೇಲೂ ಬೆಳಕು ಚೆಲ್ಲುತ್ತವೆ.

2. ವಿದ್ಯಾರ್ಥಿಯೆಂಬ ಹೊಸ ವಯೋವರ್ಗ

ಇಪ್ಪತ್ತರ ಹರೆಯವನ್ನು ಒಂದು ಪ್ರತ್ಯೇಕ ಘಟ್ಟವೆಂದು ಪರಿಭಾವಿಸುವುದು ತೀರ ಇತ್ತೀಚಿನದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ ಹದಿನೆಂಟರಿಂದ ಇಪ್ಪತ್ತೈದರವರೆಗಿನ ವಯಸ್ಸನ್ನು ಹದಿಹರೆಯವೂ ಅಲ್ಲದ, ಪ್ರೌಢತ್ವವೂ ಅಲ್ಲದ ಬೇರೆಯದೇ ಒಂದು ಅವಧಿಯೆಂದು ವಾದಿಸಿದರು. ಉದ್ಯೋಗ, ಪ್ರೀತಿ, ಲೋಕದೃಷ್ಟಿ ಈ ಮೂರರಲ್ಲಿ ಹುಡುಕಾಟ ನಡೆಸುವ ಕಾಲ ಇದು ಎಂಬುದು ಅವರ ನಿಲುವು. ಇದಕ್ಕೂ ಬಹಳ ಮೊದಲು, 1909ರಲ್ಲಿ, ಅರ್ನಾಲ್ಡ್ ವಾನ್ ಗೆನೆಪ್ ಸಂಕ್ರಮಣ ವಿಧಿಗಳನ್ನು ಬೇರ್ಪಡೆ, ನಡುವಣ ಸ್ಥಿತಿ, ಸೇರ್ಪಡೆ ಎಂಬ ಮೂರು ಹಂತಗಳಲ್ಲಿ ವಿವರಿಸಿದ್ದರು. ಕಾಲೇಜು ಶಿಕ್ಷಣವು ಈ ನಡುವಣ ಸ್ಥಿತಿಯನ್ನು ಕೆಲವು ದಿನಗಳಿಂದ ಹಲವು ವರ್ಷಗಳಿಗೆ ಹಿಗ್ಗಿಸಿದೆ ಎನ್ನಬಹುದು.

ಪ್ರಸ್ತುತ ಅಧ್ಯಯನದ ಮೂರು ಪ್ರದೇಶಗಳಲ್ಲಿ ಈ ಹಿಗ್ಗುವಿಕೆಯ ಕಾರಣಗಳು ಸ್ಪಷ್ಟವಾಗಿವೆ. ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭವಾದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಚಾಲಗೇಣಿಯ ಒಕ್ಕಲುಗಳು ಉಳುವ ಭೂಮಿಯ ಒಡೆಯರಾದರು. ಗೇಣಿಯ ಹಂಗಿಲ್ಲದ ಮನೆಗಳ ಮಕ್ಕಳು ಶಾಲೆಯಿಂದ ಕಾಲೇಜಿಗೆ ನಡೆದರು. ಭೂಮಿ ಸಿಗದ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶುಲ್ಕವನ್ನು ಹೊಂದಿಸಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದರಿಂದ ಉನ್ನತ ಶಿಕ್ಷಣ ಇನ್ನೂ ಹತ್ತಿರವಾಯಿತು. ಬಳಿಕ ಮೂಡುಬಿದಿರೆಯಲ್ಲಿ ಆಳ್ವಾಸ್‌ನಂತಹ ದೊಡ್ಡ ವಸತಿ ಶಿಕ್ಷಣ ಸಂಸ್ಥೆಗಳು ಬೆಳೆದು, ರಾಜ್ಯದ ಬೇರೆ ಜಿಲ್ಲೆಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರತೊಡಗಿದರು. 2011ರ ಜನಗಣತಿಯ ವೇಳೆಗೆ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡಾ 88ನ್ನು ಮೀರಿತ್ತು.

ಹೀಗೆ ರೂಪುಗೊಂಡ ವಿದ್ಯಾರ್ಥಿಯು ಹಲವು ಲೋಕಗಳ ನಡುವೆ ದಿನವೂ ಓಡಾಡುವವನು. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಪದವಿ ತರಗತಿಯಲ್ಲಿ ಎದುರಾಗುವುದು ಇಂಗ್ಲಿಷು. ಬೆಳಗಿನ ಬಸ್ಸು ಹತ್ತುವಾಗ ಆತ ಮನೆಯ ಮಗ, ಇಳಿಯುವಾಗ ಹಾಜರಿ ಪುಸ್ತಕದ ಒಂದು ಸಂಖ್ಯೆ. ಆಕೆ ಆಯ್ದುಕೊಳ್ಳುವ ವಿಷಯ, ಬೆಳೆಸುವ ಗೆಳೆತನ, ಮೆಚ್ಚುವ ಸಂಗಾತಿ ಇವು ಮನೆ, ಜಾತಿ ಮತ್ತು ಮತದ ಪರಿಶೀಲನೆಗೆ ಒಳಪಡುತ್ತವೆ. ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಪಬ್ಬೊಂದರಲ್ಲಿ ಯುವತಿಯರ ಮೇಲೆ, 2012ರ ಜುಲೈಯಲ್ಲಿ ಹೋಮ್‌ಸ್ಟೇಯೊಂದರಲ್ಲಿ ಸೇರಿದ್ದ ತರುಣ ತರುಣಿಯರ ಮೇಲೆ ನಡೆದ ಹಲ್ಲೆಗಳು ಹರೆಯದ ಒಡನಾಟವು ಬೀದಿಯ ವಿಚಾರಣೆಗೂ ಗುರಿಯಾಗಬಲ್ಲುದೆಂಬುದನ್ನು ತೋರಿಸಿದವು. ಇಂತಹ ಸನ್ನಿವೇಶದಲ್ಲಿ ‘ನಾನು ಯಾರು’ ಎಂಬ ಪ್ರಶ್ನೆಯು ತಾತ್ತ್ವಿಕ ಜಿಜ್ಞಾಸೆಯಾಗಿ ಉಳಿಯುವುದಿಲ್ಲ. ಯಾರ ಮುಂದೆ, ಯಾವ ಭಾಷೆಯಲ್ಲಿ, ಎಷ್ಟು ಧೈರ್ಯದಿಂದ ಉತ್ತರಿಸಬೇಕು ಎಂಬ ವ್ಯಾವಹಾರಿಕ ಪ್ರಶ್ನೆಯಾಗುತ್ತದೆ. ಪಾಡ್ದನಗಳು ಎತ್ತುವ ಪ್ರಶ್ನೆಯೂ ಇದೇ.

3. ಕಲ್ಕುಡ: ತಂದೆ, ಕಸುಬು, ಒಡೆಯ

ಈ ಮೂರು ಪ್ರದೇಶಗಳನ್ನು ಒಂದೇ ಕಥೆಯಲ್ಲಿ ಬೆಸೆಯುವ ಪಾಡ್ದನವೆಂದರೆ ಕಲ್ಕುಡ ಕಲ್ಲುರ್ಟಿಯರದು. ಕೆಲವು ಪಾಠಗಳಲ್ಲಿ ಕಲ್ಕುಡನ ಹುಟ್ಟೂರು ಮೂಡುಬಿದಿರೆ ಸಮೀಪದ ಮಾರ್ನಾಡಿನ ಕಡೆಯದು. ಕಥೆಯ ನಿರ್ಣಾಯಕ ಭಾಗವು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಡೆಯುತ್ತದೆ. ಬಂಟ್ವಾಳ ತಾಲೂಕಿನ ಪಣೋಲಿಬೈಲು ಕಲ್ಲುರ್ಟಿಯ ಪ್ರಸಿದ್ಧ ಆರಾಧನಾ ಕೇಂದ್ರವಾಗಿದೆ.

ಕಥೆಯ ಸಾರ ಹೀಗಿದೆ. ಹೆಂಡತಿ ಬಸುರಿಯಾಗಿರುವಾಗಲೇ ಶಂಭು ಕಲ್ಕುಡ ಬೆಳಗೊಳದ ಕೆಲಸಕ್ಕೆ ಹೋಗುತ್ತಾನೆ. ತಂದೆಯ ಮುಖವನ್ನೇ ಕಾಣದ ಬೀರ ಕಲ್ಕುಡ ಒಡನಾಡಿಗಳ ಮೂದಲಿಕೆಯನ್ನು ತಾಳಲಾರದೆ ತಂದೆಯನ್ನು ಅರಸಿ ಹೊರಡುತ್ತಾನೆ. ತಂದೆ ಸಿಗುತ್ತಾನೆ, ಆದರೆ ತಂದೆಯ ಕೆಲಸದಲ್ಲಿ ಮಗನ ಕಣ್ಣಿಗೆ ದೋಷವೊಂದು ಬೀಳುತ್ತದೆ. ಆ ಅವಮಾನದಿಂದ ತಂದೆ ಪ್ರಾಣ ನೀಗುತ್ತಾನೆ. ಮಗ ಅದೇ ಕಸುಬನ್ನು ಕೈಗೆತ್ತಿಕೊಂಡು ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತುತ್ತಾನೆ. ಇಂಥದ್ದನ್ನು ಆತ ಇನ್ನೊಂದೆಡೆ ಕೆತ್ತಬಾರದೆಂದು ಭೈರರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಬಂದ ಬೀರ ಅಜಿಲರ ಆಶ್ರಯದಲ್ಲಿ ಮತ್ತೊಂದು ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಸ್ಥಿತಿಯನ್ನು ಕಂಡು ಕನಲುತ್ತಾಳೆ. ಅಣ್ಣ ತಂಗಿ ಇಬ್ಬರೂ ಮಾಯಕವಾಗಿ ಅನ್ಯಾಯದ ಲೆಕ್ಕವನ್ನು ಕೇಳುತ್ತಾರೆ.

ಚಾರಿತ್ರಿಕವಾಗಿ ಶ್ರವಣಬೆಳಗೊಳದ ವಿಗ್ರಹವು ಹತ್ತನೆಯ ಶತಮಾನದ ಕೊನೆಯದು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆ 1432ರಲ್ಲಿ, ವೇಣೂರಿನದು 1604ರಲ್ಲಿ ನಡೆಯಿತು. ಆರು ಶತಮಾನಗಳನ್ನು ಎರಡು ತಲೆಮಾರಿಗೆ ಇಳಿಸಿರುವುದನ್ನು ಚರಿತ್ರೆಯ ಧಾರೆಯ ವಿದ್ವಾಂಸರು ಕಾಲವ್ಯತ್ಯಾಸದ ದೋಷವೆಂದು ಕಂಡದ್ದುಂಟು. ಆದರೆ ವಯಸ್ಸಿನ ನೆಲೆಯಿಂದ ನೋಡಿದಾಗ ಇದು ದೋಷವಲ್ಲ, ಅರ್ಥಪೂರ್ಣವಾದ ಆಯ್ಕೆ. ಮೂರು ಏಕಶಿಲಾ ವಿಗ್ರಹಗಳನ್ನು ಪಾಡ್ದನವು ಒಬ್ಬ ತರುಣನ ಜೀವನದ ಮೂರು ಮೆಟ್ಟಿಲುಗಳನ್ನಾಗಿ ಮಾಡಿದೆ. ಮೊದಲನೆಯದು ತಂದೆಯ ಕೆಲಸ. ಎರಡನೆಯದು ತನ್ನ ಕೆಲಸ, ಆದರೆ ಒಡೆಯನ ಸೊತ್ತು. ಮೂರನೆಯದು ಅಂಗಭಂಗವಾದ ಮೇಲೂ ತನ್ನದಾಗಿಯೇ ಉಳಿದ ಕೆಲಸ. ಶಾಸನಗಳು ಸ್ಮರಿಸುವುದು ಪ್ರತಿಷ್ಠೆ ಮಾಡಿಸಿದ ಅರಸನನ್ನು. ಪಾಡ್ದನವು ಸ್ಮರಿಸುವುದು ಕೆತ್ತಿದವನನ್ನು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ತಂದೆಯ ಕೆಲಸದಲ್ಲಿ ದೋಷ ಕಾಣುವುದು ಕಲಿತ ಮಗನಿಗೆ ಅನಿವಾರ್ಯ. ಕಲಿಕೆಯ ಅರ್ಥವೇ ಅದು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ತರಗತಿಯನ್ನು ಪ್ರವೇಶಿಸಿದ ವಿದ್ಯಾರ್ಥಿಗೆ ಈ ಸಂಕಟ ಅಪರಿಚಿತವಲ್ಲ. ಹೆತ್ತವರ ಭಾಷೆ, ಉಡುಗೆ, ನಂಬಿಕೆ, ಲೆಕ್ಕಾಚಾರಗಳಲ್ಲಿ ಅವನಿಗೆ ಕೊರತೆಗಳು ಕಾಣಿಸತೊಡಗುತ್ತವೆ. ಅವನ್ನು ಆಡಿ ತೋರಿಸಿದರೆ ಮನೆ ಕುಸಿಯಬಹುದೆಂಬ ಅಳುಕೂ ಇರುತ್ತದೆ. ಪಾಡ್ದನವು ಮಗನ ಕಣ್ಣನ್ನೂ ತಪ್ಪೆನ್ನುವುದಿಲ್ಲ, ತಂದೆಯ ಮಾನವನ್ನೂ ಹಗುರಗೊಳಿಸುವುದಿಲ್ಲ. ಎರಡನೆಯದಾಗಿ, ಕಲ್ಕುಡನಿಗೆ ಪೆಟ್ಟು ಬಿದ್ದದ್ದು ಸೋಲಿನಿಂದಲ್ಲ, ಗೆಲುವಿನಿಂದ. ಅರಸನಿಗೆ ಬೇಕಾದದ್ದು ಅವನ ಕೈಯ ಚಳಕ, ಆ ಕೈಯ ಸ್ವಾತಂತ್ರ್ಯವಲ್ಲ. ಅಂಕಗಳ ಮತ್ತು ಉದ್ಯೋಗ ನೇಮಕಾತಿಯ ಇಂದಿನ ವ್ಯವಸ್ಥೆಯಲ್ಲಿ ಕೌಶಲವಷ್ಟನ್ನೇ ಪಡೆದುಕೊಂಡು ವ್ಯಕ್ತಿಯನ್ನು ಕತ್ತರಿಸಿ ಬಿಡುವ ಕ್ರಮಕ್ಕೆ ಇದಕ್ಕಿಂತ ಕಟುವಾದ ರೂಪಕ ಸಿಗಲಾರದು.

ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ಐತಿಹ್ಯವನ್ನು ಇದರೊಡನೆ ಹೋಲಿಸಬಹುದು. ಹದಿನಾರನೆಯ ಶತಮಾನದ ‘ಭರತೇಶ ವೈಭವ’ದ ಈ ಕರ್ತೃವು ರಾಜಕುವರಿಯೊಬ್ಬಳ ಪ್ರೇಮದಲ್ಲಿ ಸಿಲುಕಿದನೆಂದೂ, ತನ್ನ ಕಾವ್ಯಕ್ಕೆ ಆನೆಯ ಮೇಲಿನ ಮೆರವಣಿಗೆಯ ಗೌರವ ದೊರೆಯದಾಗ ಮುನಿದು ಮತವನ್ನೇ ತೊರೆದನೆಂದೂ, ಬಳಿಕ ಮರಳಿದನೆಂದೂ ಐತಿಹ್ಯವಿದೆ. ಇದರ ಚಾರಿತ್ರಿಕ ಸತ್ಯಾಸತ್ಯತೆ ಬೇರೆಯೇ ಚರ್ಚೆ. ಪ್ರೇಮ, ಕೃತಿ, ನಿರಾಕರಣೆ, ನಿರ್ಗಮನ ಎಂಬ ಸರಣಿ ಇಲ್ಲಿಯೂ ಇದೆ; ವ್ಯತ್ಯಾಸವಿರುವುದು ಕೊನೆಯಲ್ಲಿ. ಬರೆಹ ಬಲ್ಲ ಕವಿಗೆ ಮರಳಿ ಬರುವ ದಾರಿ ತೆರೆದಿತ್ತು, ಕಲ್ಲು ಕೆತ್ತುವವನಿಗೆ ಇರಲಿಲ್ಲ. ಹರೆಯದ ಮುನಿಸನ್ನು ಕ್ಷಮಿಸುವ ಔದಾರ್ಯವೂ ಎಲ್ಲ ಕಿರಿಯರಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲವೆಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

4. ಸಿರಿ: ಸಂಬಂಧ ಮತ್ತು ಮಾತು

ಕಲ್ಕುಡನ ಕಥೆ ದುಡಿಮೆಯ ನಿರಾಕರಣೆಯನ್ನು ಹೇಳಿದರೆ ಸಿರಿಯ ಕಥೆ ಮಾತಿನ ನಿರಾಕರಣೆಯನ್ನು ಹೇಳುತ್ತದೆ. ಸತ್ಯನಾಪುರದ ಬಿರ್ಮು ಆಳ್ವನಿಗೆ ಬೆರ್ಮರ ಪ್ರಸಾದವಾಗಿ ಒದಗಿದ ಸಿರಿಯು ಕಾಂತು ಪೂಂಜನನ್ನು ವರಿಸುತ್ತಾಳೆ. ಬಸಿರಿನ ಬಯಕೆ ಸಮ್ಮಾನಕ್ಕೆ ಗಂಡ ತಂದ ಸೀರೆಯು ಮೊದಲು ಸಿದ್ದುವೆಂಬ ವೇಶ್ಯೆಯ ಮೈ ಸೋಕಿದೆಯೆಂದು ಅರಿತು ಅದನ್ನು ಉಡಲು ನಿರಾಕರಿಸುತ್ತಾಳೆ. ಅಜ್ಜನ ಮರಣಾನಂತರ ಸತ್ಯನಾಪುರದ ಹಕ್ಕಿನ ವಿಚಾರಣೆಯಲ್ಲಿ ಗಂಡನೇ ಎದುರು ಪಕ್ಷಕ್ಕೆ ಒದಗಿದಾಗ ಮದುವೆಯ ಕಟ್ಟನ್ನು ತಾನೇ ಕಡಿದುಕೊಂಡು, ಎಳೆಯ ಮಗ ಕುಮಾರನೊಡನೆ ಬೀಡನ್ನು ತೊರೆದು ನಡೆಯುತ್ತಾಳೆ. ಹಾದಿಯಲ್ಲಿ ಮಗನೂ ಜೊತೆಗಿದ್ದ ದಾರುವೂ ಇಲ್ಲವಾಗುತ್ತಾರೆ. ತನಗಾಗಿ ಸೆಣಸಿದ ಇಬ್ಬರನ್ನು ಆಕೆ ಅಣ್ಣಂದಿರೆಂದು ಸ್ವೀಕರಿಸುತ್ತಾಳೆ. ಬಳಿಕ ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ. ಪಾಠಗಳಲ್ಲಿ ಭೇದಗಳಿದ್ದರೂ ಕಥೆಯ ಒಡಲು ಇದು.

ಸ್ತ್ರೀವಾದಿ ಓದು ಸಿರಿಯನ್ನು ಪ್ರತಿಭಟನೆಯ ಪ್ರತೀಕವಾಗಿ ಎತ್ತಿ ಹಿಡಿದಿರುವುದು ಸರಿಯಾಗಿಯೇ ಇದೆ. ಆದರೆ ಸಿರಿಯನ್ನು ಪ್ರತಿಭಟನೆಯ ಪ್ರತೀಕವಾಗಿ ಮಾತ್ರ ನೋಡಿದರೆ ಅವಳ ಹುಡುಕಾಟದ ಇನ್ನೊಂದು ಅರ್ಧ ಮರೆಯಾಗುತ್ತದೆ. ಸಿರಿ ಸಂಬಂಧಗಳನ್ನು ಬಿಡುವವಳಷ್ಟೇ ಅಲ್ಲ, ಸಂಬಂಧಗಳಿಗೆ ಹೊಸ ಹೆಸರಿಡುವವಳು. ಕಾಮನೆಯಿಂದ ಎದುರು ನಿಂತವರನ್ನು ಅಣ್ಣಂದಿರನ್ನಾಗಿ ಮಾಡಿಕೊಳ್ಳುವುದು, ಮೊದಲು ಸಿಟ್ಟಾಗುವ ಸವತಿ ಸಾಮುವಿನೊಡನೆ ಕೊನೆಗೆ ಅಕ್ಕತಂಗಿಯರಂತೆ ಹೊಂದಿಕೊಳ್ಳುವುದು ಇದಕ್ಕೆ ನಿದರ್ಶನ. ಒಂದು ಸಂಬಂಧ ಮುರಿದ ಮಾತ್ರಕ್ಕೆ ಬದುಕು ಮುರಿಯಲಿಲ್ಲವೆಂಬುದನ್ನು ಪಾಡ್ದನವು ಯಾವ ನೀತಿಬೋಧೆಯೂ ಇಲ್ಲದೆ ಸಹಜವಾಗಿ ಹೇಳುತ್ತದೆ. ಎರಡನೆಯ ಮದುವೆಯನ್ನು ಅದು ಕಳಂಕವೆಂದೂ ಕಾಣುವುದಿಲ್ಲ, ಕ್ರಾಂತಿಯೆಂದೂ ಸಾರುವುದಿಲ್ಲ.

ಸೀರೆಯ ಪ್ರಸಂಗ ಇಲ್ಲಿ ನಿರ್ಣಾಯಕವಾದುದು. ಹೊರನೋಟಕ್ಕೆ ಅದು ಅಸೂಯೆಯ ಪ್ರಸಂಗ. ಆದರೆ ಸಿರಿಗೆ ಮುಖ್ಯವಾಗುವುದು ತನಗೆ ತಿಳಿದ ನಿಜವನ್ನು ಬಂಧುಗಳೆದುರು ಹೇಳುವ ಹಕ್ಕು. ಹರಕೆಯಂತೆ, ವಿಧಿಯಂತೆ, ಮನೆಯ ಮರ್ಯಾದೆಯಂತೆ ಮೌನವಾಗಿ ಉಟ್ಟುಕೊಳ್ಳಬೇಕಿದ್ದ ಸೀರೆಯನ್ನು ಆಕೆ ಪ್ರಶ್ನೆಯನ್ನಾಗಿಸುತ್ತಾಳೆ. ಸಂಬಂಧದಲ್ಲಿ ತನಗೆ ಸಲ್ಲಬೇಕಾದ ಗೌರವ ಎಷ್ಟೆಂದು ಆಕೆ ಅರಿಯುವುದು ಆ ನಿರಾಕರಣೆಯ ಮಾತಿನಲ್ಲಿಯೇ ಹೊರತು ಅದಕ್ಕೆ ಮೊದಲಲ್ಲ. ಪ್ರೀತಿಯ ಹೆಸರಿನಲ್ಲಿ ಬಂದುದನ್ನು ಒಪ್ಪಿಕೊಳ್ಳಬೇಕೆ, ಬೇಡವೆನ್ನಬಹುದೆ ಎಂಬ ಗೊಂದಲದಲ್ಲಿರುವ ಇಂದಿನ ವಿದ್ಯಾರ್ಥಿನಿಗೆ ಸಿರಿ ಹತ್ತಿರವಾಗುವುದು ಈ ಕಾರಣದಿಂದ. ದೈವವೆಂಬ ಕಾರಣದಿಂದ ಅಲ್ಲ.

5. ಒಡನಾಡಿಗಳು ಮತ್ತು ಮುಚ್ಚಿದ ಬಾಗಿಲು

ತಂದೆ ಮತ್ತು ಸಂಗಾತಿಯ ಬಳಿಕ ಹರೆಯದ ಮೂರನೆಯ ಸಂಬಂಧ ಸಮವಯಸ್ಕರದು. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಚೆನ್ನೆಮಣೆಯ ಆಟದಲ್ಲಿ ಸೋಲು ಗೆಲುವಿನ ಜಗಳ ಹುಟ್ಟಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಲ್ಲುತ್ತಾಳೆ; ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ಪಾಡ್ದನವು ಇದಕ್ಕೆ ಹೆತ್ತವರು ಮರೆತ ಹರಕೆಯನ್ನು ಕಾರಣವಾಗಿ ಕೊಡುತ್ತದೆ. ಹಿರಿಯರು ಹೊತ್ತು ತೀರಿಸದೆ ಹೋದ ಹರಕೆಯ ಭಾರವು ಕಿರಿಯರ ಆಟದ ನಡುವೆ ಬಂದು ಬೀಳುತ್ತದೆ ಎಂಬ ಈ ಕಾರ್ಯಕಾರಣ ಸಂಬಂಧ ಗಮನಾರ್ಹ. ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆದವರನ್ನು ಅಂಕಪಟ್ಟಿಯ ಎದುರು ಎದುರಾಳಿಗಳನ್ನಾಗಿ ನಿಲ್ಲಿಸುವ ಹೆತ್ತವರ ಹಂಬಲವನ್ನು ಆಧುನಿಕ ಹರಕೆಯೆನ್ನದಿರಲು ಕಾರಣಗಳಿಲ್ಲ.

ಇದಕ್ಕೆ ವಿರುದ್ಧವಾದ ಮಾದರಿ ಕೋಟಿ ಚೆನ್ನಯರದು. ಪಡುಮಲೆಯ ಬಲ್ಲಾಳನ ಬೀಡಿನಲ್ಲಿ ನ್ಯಾಯ ದೊರೆಯದೆ ಹೊರಟ ಈ ಅವಳಿ ಸೋದರರು ಪಂಜವನ್ನು ಹಾದು ಎಣ್ಮೂರಿನವರೆಗೆ ಒಬ್ಬರನ್ನೊಬ್ಬರು ಬಿಡದೆ ನಡೆದರು. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಇವರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದು ತುಳು ಬಾರದ ಕನ್ನಡ ಓದುಗರಿಗೂ ಮುಟ್ಟಿಸಿದರು. ಪಂಜೆಯವರ ಕೃತಿಯಿಂದ ಪಾಡ್ದನಕ್ಕೆ ದೊರೆತ ಪ್ರಸಾರ ಬಹು ದೊಡ್ಡದು. ಆದರೆ ಆ ಬಳಿಕ ತರಗತಿಗಳಲ್ಲಿ ಕೋಟಿ ಚೆನ್ನಯರು ಶೌರ್ಯದ ಮೂರ್ತಿಗಳಾಗಿಯೇ ಉಳಿದರು. ಎರಡು ಜೀವಗಳಿಗೆ ಒಂದು ಮನೆ, ಒಂದು ಗದ್ದೆ, ಒಂದು ನ್ಯಾಯದ ಮಾತು ಸಾಕಾಗಿತ್ತು; ಅದು ಸಿಗದೆ ಅವರು ವೀರರಾಗಬೇಕಾಯಿತು ಎಂಬ ದುರಂತದ ಎಳೆ ಹಿನ್ನೆಲೆಗೆ ಸರಿಯಿತು.

ಸಿರಿ ಮತ್ತು ಅವಳ ಸಂತತಿ ಬೀಡಿನ ಬದುಕಿಗೆ ಸೇರಿದವರು, ಅವರ ಸಂಕಟ ಎಲ್ಲ ವಿದ್ಯಾರ್ಥಿಗಳದಾಗಲು ಹೇಗೆ ಸಾಧ್ಯ ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಆಕ್ಷೇಪ ಯುಕ್ತವಾದುದೇ. ಆದರೆ ಬೀಡಿನ ಕಥೆಯನ್ನು ಹಾಡಿ ಉಳಿಸಿದವರು ಬೀಡಿನವರಲ್ಲ. ಎ.ವಿ. ನಾವಡರು ಸಂಪಾದಿಸಿದ ಸಿರಿ ಪಾಡ್ದನವನ್ನು ಕಟ್ಟಿದವರು ರಾಮಕ್ಕ ಮುಗ್ಗೇರ್ತಿ. ಗೋಪಾಲ ನಾಯ್ಕರು ಸ್ವತಃ ಬೇಸಾಯಗಾರರು. ಅಲ್ಲದೆ, ಕೊರಗ ತನಿಯನ ಪಾಡ್ದನವು ಬೀಡಿನ ಹೊರಗಿನ ಹರೆಯವನ್ನೇ ಕುರಿತದ್ದು. ಹೆತ್ತವರಿಲ್ಲದ ತನಿಯ ಮೈರಕ್ಕೆ ಬೈದೆತಿಯ ಆಸರೆಯಲ್ಲಿ ಬೆಳೆಯುತ್ತಾನೆ. ಹಲವರು ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಒಯ್ದರೂ ಅವನಿಗೆ ಒಳಗೆ ಪ್ರವೇಶವಿಲ್ಲ. ಸಾಕಿದ ತಾಯಿಯ ಉಪ್ಪಿನಕಾಯಿಗೆಂದು ಮಾದಳದ ಹಣ್ಣನ್ನು ಕೊಯ್ಯಲು ಹೋದವನು ಅಲ್ಲಿಯೇ ಮಾಯಕವಾಗುತ್ತಾನೆ. ಹೊರೆಗೆ ಬಾಗಿಲು ತೆರೆದು ಹೊತ್ತವನಿಗೆ ಮುಚ್ಚುವ ಈ ಚಿತ್ರವನ್ನು ಇಂದು ಪದವಿ ತರಗತಿಗೆ ಬಂದ ದಲಿತ ಮತ್ತು ಬುಡಕಟ್ಟು ಸಮುದಾಯಗಳ ವಿದ್ಯಾರ್ಥಿ ಬೇರೆ ಯಾರ ವ್ಯಾಖ್ಯಾನದ ನೆರವೂ ಇಲ್ಲದೆ ಗ್ರಹಿಸಬಲ್ಲ.

6. ‘ನೀನು ಯಾರು?’ ಎಂಬ ಪ್ರಶ್ನೆ

ಮೇಲೆ ಚರ್ಚಿಸಿದ ಕಥೆಗಳ ಸಮಾನ ಅಂಶವೆಂದರೆ ಇವರಲ್ಲಿ ಯಾರೂ ಬದುಕಿದ್ದಾಗ ತಮ್ಮ ನ್ಯಾಯವನ್ನು ಪೂರ್ತಿಯಾಗಿ ಪಡೆಯಲಿಲ್ಲ. ಬೀಡಿನಲ್ಲಿ ಕೇಳಿಸದ ಮಾತು ಕೋಲದ ಕಳದಲ್ಲಿ ನುಡಿಯಾಗುತ್ತದೆ. ಅರಸನ ವಂಶದವರೂ ಗುತ್ತಿನ ಯಜಮಾನರೂ ಕೈಮುಗಿದು ನಿಂತು ಕೇಳುತ್ತಾರೆ. ಸತ್ತ ಕಿರಿಯರ ಮುಂದೆ ಬದುಕಿರುವ ಹಿರಿಯರು ತಲೆಬಾಗುವ ಈ ವ್ಯವಸ್ಥೆಯನ್ನು ಪ್ರತಿರೋಧದ ವಿಜಯವೆಂದು ವ್ಯಾಖ್ಯಾನಿಸುವುದು ವಾಡಿಕೆಯಾಗಿದೆ. ಆ ವ್ಯಾಖ್ಯಾನದಲ್ಲಿ ಸತ್ಯಾಂಶವಿದ್ದರೂ ಅದರ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೊಡ್ಡ ಕೊರತೆ. ಕಿರಿಯರ ಮಾತಿಗೆ ಮನ್ನಣೆ ದೊರೆಯಲು ಅವರು ಮಾಯಕವಾಗಲೇಬೇಕಿದ್ದರೆ, ಆ ಮನ್ನಣೆಯು ಸಮುದಾಯದ ಪಶ್ಚಾತ್ತಾಪವೂ ಹೌದು. 2022ರಲ್ಲಿ ತೆರೆಕಂಡ ‘ಕಾಂತಾರ’ ಚಲನಚಿತ್ರದ ಬಳಿಕ ದೈವಾರಾಧನೆಯ ವೈಭವ ದೇಶದಾದ್ಯಂತ ಪರಿಚಿತವಾಯಿತು. ಕರಾವಳಿಯ ತರುಣರಲ್ಲಿ ತಮ್ಮ ಪರಂಪರೆಯ ಬಗೆಗೆ ಅಭಿಮಾನವನ್ನೂ ಮೂಡಿಸಿತು. ಈ ಅಭಿಮಾನವು ದೈವದ ಆರ್ಭಟಕ್ಕೆ ಸೀಮಿತವಾಗಿ, ಆ ಆರ್ಭಟದ ಹಿಂದಿರುವ ಎಳೆಯ ಜೀವದ ಅಳಲನ್ನು ಮರೆಯಬಾರದು.

ಆದರೂ ಇದೇ ಪರಂಪರೆಯಲ್ಲಿ ಬದುಕಿರುವವರ ಮಾತನ್ನು ಕೇಳುವ ಒಂದು ವಿಧಾನವೂ ಇದೆ. ಕವತ್ತಾರು, ನಂದೊಳಿಗೆ, ಹಿರಿಯಡ್ಕ ಮೊದಲಾದ ಆಲಡೆಗಳ ಸಿರಿ ಜಾತ್ರೆಯಲ್ಲಿ ಹೆಣ್ಣುಮಕ್ಕಳು ಕೈಯಲ್ಲಿ ಹಿಂಗಾರವನ್ನು ಹಿಡಿದು ಸಿರಿಯ ಆವೇಶಕ್ಕೆ ಒಳಗಾಗುತ್ತಾರೆ. ಪೀಟರ್ ಕ್ಲಾಸ್ 1975ರಷ್ಟು ಹಿಂದೆಯೇ ಇದನ್ನು ಸಾಮೂಹಿಕ ಆವೇಶದ ಆಚರಣೆಯಾಗಿ ವಿಶ್ಲೇಷಿಸಿದ್ದರು. ಹೊಸದಾಗಿ ಆವೇಶಕ್ಕೆ ಒಳಗಾದ, ಬಹುಮಟ್ಟಿಗೆ ಎಳೆಯ ವಯಸ್ಸಿನ ಹೆಣ್ಣನ್ನು ಕುಮಾರನ ಪಾತ್ರಿಯೂ ಹಿರಿಯ ಸಿರಿಗಳೂ ನೀನು ಯಾರೆಂದು ಕೇಳುತ್ತಾರೆ. ಆಕೆ ಸಿರಿಯೋ, ಸೊನ್ನೆಯೋ, ಅಬ್ಬಗೆಯೋ, ದಾರಗೆಯೋ ಎಂಬುದು ಮೊದಲೇ ನಿಶ್ಚಿತವಲ್ಲ. ಉತ್ತರ ಒಮ್ಮೆಲೇ ಬರುವುದಿಲ್ಲ. ಅಳು, ಮೌನ, ತೊದಲುಗಳ ನಡುವೆ ಬರುತ್ತದೆ. ಕೇಳುವವರು ಬೆದರಿಸಿಯೋ ರಮಿಸಿಯೋ ಕಾಯುತ್ತಾರೆ. ಆಕೆಯ ಮನೆಯವರನ್ನೂ ಮುಂದೆ ಕರೆದು ಮಾತಾಡಿಸುತ್ತಾರೆ. ಮನೆಯೊಳಗೆ ಆಡಲಾಗದ ದುಃಖಕ್ಕೆ ಅಲ್ಲಿ ಒಂದು ಹೆಸರು ದೊರೆಯುತ್ತದೆ.

ಈ ಪ್ರಕ್ರಿಯೆಯನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಅಲ್ಲಿ ಒತ್ತಾಯವೂ ಇದೆ. ಉತ್ತರಗಳೆಲ್ಲ ಪರಂಪರೆ ಒದಗಿಸಿದ ಕೆಲವೇ ಹೆಸರುಗಳಿಗೆ ಸೀಮಿತವಾಗಿವೆ. ಚಿಕಿತ್ಸೆ ಬೇಕಾದ ಮನಸ್ಸಿಗೆ ಆಚರಣೆಯು ವೈದ್ಯಕೀಯಕ್ಕೆ ಪರ್ಯಾಯವೂ ಅಲ್ಲ. ಆದರೆ ಅದರ ರಚನೆಯಲ್ಲಿ ಅಡಗಿರುವ ತಿಳಿವಳಿಕೆ ಮಹತ್ತ್ವದ್ದು. ಆತ್ಮಶೋಧನೆಯು ಒಬ್ಬಂಟಿಯಾಗಿ ಸಾಧಿಸಬೇಕಾದ ಕೆಲಸವಲ್ಲ. ಪ್ರಶ್ನೆ ಕೇಳುವವರೂ ಉತ್ತರ ಬರುವವರೆಗೆ ಕಾಯುವವರೂ ಬೇಕು, ಹೆಸರು ಸಿಕ್ಕಿದ ಮೇಲೆ ಜೊತೆಗೆ ನಿಲ್ಲುವವರೂ ಬೇಕು. ಕಾಲೇಜಿನಲ್ಲಿ ‘ನೀನು ಯಾರು’ ಎಂಬ ಪ್ರಶ್ನೆ ವಿದ್ಯಾರ್ಥಿಗೆ ಎದುರಾಗುವುದು ಪ್ರವೇಶದ ಅರ್ಜಿಯಲ್ಲಿ, ಜಾತಿ ಪ್ರಮಾಣಪತ್ರದಲ್ಲಿ, ಉದ್ಯೋಗದ ಸಂದರ್ಶನದಲ್ಲಿ. ಅಲ್ಲೆಲ್ಲ ಉತ್ತರಕ್ಕೆ ಕಾಯುವ ವ್ಯವಧಾನವಿಲ್ಲ.

7. ತರಗತಿಯ ಪಾಡ್ದನ

ಉಜಿರೆಯ ಕಾಲೇಜಿಗೂ ಗೋಪಾಲ ನಾಯ್ಕರ ಮಾಚಾರಿಗೂ ನಡುವೆ ಇರುವುದು ಅಲ್ಪ ಅಂತರ. ಆದರೆ ಪಾಡ್ದನವು ಪಠ್ಯಕ್ರಮದ ಮೂಲಕ ತರಗತಿಯನ್ನು ತಲುಪುವಾಗ ಬಹು ದೂರ ಸಾಗಿ ಬಂದಿರುತ್ತದೆ. ತುಳುವಿನ ಹಾಡು ಕನ್ನಡದ ಗದ್ಯ ಸಾರಾಂಶವಾಗುತ್ತದೆ, ಸಾರಾಂಶವು ಲಕ್ಷಣಗಳ ಪಟ್ಟಿಯಾಗುತ್ತದೆ, ಪಟ್ಟಿಯು ಪರೀಕ್ಷೆಯ ಪ್ರಶ್ನೆಯಾಗುತ್ತದೆ. ನೇಜಿ ನಡುವ ಗದ್ದೆಯಲ್ಲಿ ಅದೇ ಪಾಡ್ದನವನ್ನು ಹಾಡುತ್ತಿದ್ದ ಅಜ್ಜಿಯ ಮೊಮ್ಮಗಳು ಅದನ್ನು ಅಪರಿಚಿತ ವಿಷಯವೆಂಬಂತೆ ಬರೆದುಕೊಳ್ಳುತ್ತಾಳೆ. ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದಂತೆ ಹಾಡುವ ಸಂದರ್ಭವೂ ಕ್ಷೀಣಿಸಿದೆ. ಆದುದರಿಂದ ಹಲವು ವಿದ್ಯಾರ್ಥಿಗಳ ಪಾಲಿಗೆ ತರಗತಿಯೇ ಪಾಡ್ದನದ ಕೊನೆಯ ಕಳವಾಗಿದೆ. ಈ ಕಾರಣದಿಂದ ತರಗತಿಯ ಹೊಣೆ ಹೆಚ್ಚುತ್ತದೆ.

ಪಾಡ್ದನ ವಿಮರ್ಶೆಯು ಈ ಹೊಣೆಯನ್ನು ಹೊರಬೇಕಾದರೆ ಎರಡು ಪಲ್ಲಟಗಳು ಅಗತ್ಯ. ಪಾಡ್ದನದ ಕಿರಿಯರನ್ನು ವೀರರು, ದೈವಗಳು, ಪ್ರತೀಕಗಳು ಎಂಬ ಎತ್ತರದಿಂದ ಇಳಿಸಿ, ಅವರು ಆ ಎತ್ತರಕ್ಕೆ ಏರುವ ಮೊದಲಿನ ಗಳಿಗೆಯನ್ನು ನಿಧಾನವಾಗಿ ಓದಬೇಕು. ತಂದೆಯ ಕೆಲಸದ ಮುಂದೆ ನಿಂತ ಬೀರ, ಸೀರೆಯ ಮುಂದೆ ನಿಂತ ಸಿರಿ, ಚೆನ್ನೆಮಣೆಯ ಎರಡು ಬದಿಗೆ ಕುಳಿತ ಅವಳಿಗಳು, ಬಾಗಿಲ ಹೊರಗೆ ನಿಂತ ತನಿಯ ಇವರು ಇನ್ನೂ ದೈವಗಳಾಗಿರಲಿಲ್ಲ; ಯಾರಾದರೂ ಒಂದು ಮಾತನ್ನು ಕೇಳಿದ್ದರೆ ಆಗಬೇಕಾಗಿಯೂ ಇರಲಿಲ್ಲ. ಎರಡನೆಯದಾಗಿ, ಪಾಡ್ದನವನ್ನು ಕುರಿತ ಪ್ರಶ್ನೆಯ ಜೊತೆಗೆ ಪಾಡ್ದನವು ಕೇಳುವ ಪ್ರಶ್ನೆಗೂ ತರಗತಿಯಲ್ಲಿ ಸ್ಥಳವಿರಬೇಕು. ಸಿರಿಯ ಕಥೆಯ ಕೊನೆಗೆ ವಿದ್ಯಾರ್ಥಿನಿ ತನ್ನ ಮನೆಯ ಪಾಠವನ್ನು ತನ್ನ ಮನೆಮಾತಿನಲ್ಲಿಯೇ ಹೇಳುವಂತಾದರೆ ಅದು ಕ್ಷೇತ್ರಕಾರ್ಯವೂ ಹೌದು, ಆಕೆಯ ಮಾತಿಗೆ ದೊರೆತ ಸಭೆಯೂ ಹೌದು.

8. ಸಮಾರೋಪ

ಪಾಡ್ದನಗಳು ಹರೆಯಕ್ಕೆ ಮಾರ್ಗದರ್ಶನ ನೀಡುವ ನೀತಿಕಥೆಗಳಲ್ಲ. ಅವು ಕಿರಿಯರಿಗೆ ಹೇಳುವುದಕ್ಕಿಂತ ಹೆಚ್ಚನ್ನು ಹಿರಿಯರಿಗೆ ಹೇಳುತ್ತವೆ. ದುಡಿಮೆಯನ್ನು ಪಡೆದು ಕೈಯನ್ನು ಕಡಿದ ಅರಸ, ಮಾತನ್ನು ಕೇಳದ ಗಂಡ, ಹರಕೆಯನ್ನು ಮರೆತ ಹೆತ್ತವರು, ಹೊರೆಯನ್ನು ಪಡೆದು ಬಾಗಿಲು ಮುಚ್ಚಿದವರು ಇವರೇ ಪಾಡ್ದನಗಳ ನಿಜವಾದ ಆರೋಪಿಗಳು. ವೇಣೂರಿನ ಗೊಮ್ಮಟನ ಎದುರು ಪ್ರತಿವರ್ಷ ಶೈಕ್ಷಣಿಕ ಪ್ರವಾಸದ ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ. ಅವರಿಗೆ ವಿಗ್ರಹದ ಎತ್ತರವನ್ನೂ ಇಸವಿಯನ್ನೂ ಹೇಳುವುದು ವಾಡಿಕೆ. ಅದನ್ನು ಒಂದೇ ಕೈಯಿಂದ ಕೆತ್ತಿದನೆಂದು ನಾಡು ನಂಬಿದ ತರುಣನ ಕಥೆಯನ್ನೂ, ಅಣ್ಣ ಎಲ್ಲಿ ಎಂದು ಕೇಳುತ್ತ ಬಂದ ತಂಗಿಯ ಕಥೆಯನ್ನೂ ಹೇಳಬೇಕಾಗಿದೆ. ಬೀರನನ್ನು ಹುಡುಕಿಕೊಂಡು ಒಬ್ಬಳಾದರೂ ಬಂದಳು. ಆದರೆ ಬರುವಾಗ ತಡವಾಗಿತ್ತು. ಶಿಕ್ಷಣ ಸಂಸ್ಥೆಗಳೂ ಮನೆಗಳೂ ವಿದ್ವತ್ತೂ ಆ ತಡವನ್ನು ತಪ್ಪಿಸಬಲ್ಲವೆ ಎಂಬುದೇ ಪಾಡ್ದನವು ಇಂದಿನ ಕಾಲದ ಮುಂದಿಡುವ ಪ್ರಶ್ನೆಯಾಗಿದೆ.